ಮನೆಯಲ್ಲೇ ಕಳೆದ ರಜೆಯಲ್ಲಿ ಸುಸ್ತು ಇಳಿಯದಿದ್ದರೆ

ರಜೆ ಹಾಕಿ ವಾರವಿಡೀ ಮನೆಯಲ್ಲಿದ್ದು ಭಾನುವಾರ ಚರ್ಚ್‌ಗೂ ಹೋಗಿಬಂದರೂ ಸುಸ್ತು ಇಳಿದಿಲ್ಲವೇ? ಬಹುಶಃ ಬಾಕಿ ಬಿದ್ದ ಮನೆಕೆಲಸವೇ ರಜೆಯನ್ನು ನುಂಗಿದೆ. ನಾನೂ ಒಮ್ಮೆ ಅಟ್ಟ ಗುಡಿಸೋಣ ಅಂತ ಹತ್ತಿ, ಇಳಿಯುವಷ್ಟರಲ್ಲಿ ಸಂಜೆಯಾಗಿತ್ತು.

ಮೊದಲ ದಿನ ಮಧ್ಯಾಹ್ನದೊಳಗೆ ಆದಷ್ಟು ಕೆಲಸ ಮುಗಿಸಿ, ಉಳಿದದ್ದನ್ನು ರಜೆ ಕಳೆದ ಮೇಲೆ ನೋಡಿ. ಆಮೇಲೆ ಆಫೀಸಿನ ಮೇಲ್ ಅನ್ನು ಫೋನಿನಿಂದಲೇ ತೆಗೆಯಿರಿ. ನೋಟಿಫಿಕೇಶನ್ ಆಫ್ ಮಾಡಿದರೆ ಸಾಲದು, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಚರ್ಚ್‌ನಲ್ಲಿ ಕಾಯರ್ (ಹಾಡುವ ತಂಡ), ಸಂಡೇ ಸ್ಕೂಲ್ (ಮಕ್ಕಳ ಧರ್ಮಪಾಠ) ಅಂತ ಹೊಣೆ ಹೊತ್ತಿದ್ದರೆ ಆ ವಾರಕ್ಕೆ ಬೇರೆಯವರಿಗೆ ಒಪ್ಪಿಸಿ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬನ್ನಿ. ಇನ್ನು ದಿನಕ್ಕೊಂದೇ ಆಸೆ: ಓದು, ನಡಿಗೆ, ಇಲ್ಲವೇ ನಿದ್ದೆ.

ಚಿಕ್ಕ ಮಕ್ಕಳಿದ್ದರೆ ಇದೆಲ್ಲ ಪೂರ್ತಿ ನಡೆಯಲಿಕ್ಕಿಲ್ಲ. ಬೆಳಗಿನ ಹೊತ್ತು ಎರಡು ತಾಸಾದರೂ ನಿಮ್ಮದೆಂದು ಮನೆಯವರಿಗೆ ಮೊದಲೇ ಹೇಳಿಡಿ.