ಅಂಗಿಯ ಮೇಲಿನ ಹೆಸರು ಮತ್ತು ಸಾರ್ವಕಾಲಿಕ ಶ್ರೇಷ್ಠ ಸೈಕ್ಲಿಸ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಟೂರ್ ಡಿ ಫ್ರಾನ್ಸ್ ನೋಡುವಾಗ ತಂಡಗಳ ಹೆಸರು ಕೇಳಿ ಬೇಸರವಾಗುತ್ತದೆ. ಒಂದು ನೆಲಹಾಸಿನ ಕಂಪನಿಯದು, ಇನ್ನೊಂದು ಲಾಟರಿಯದು, ಮತ್ತೊಂದು ವಿಮಾನಯಾನ ಸಂಸ್ಥೆಯದು. ಅವೂ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಊರಿನ ಹೆಸರಿನ ಅಥವಾ ದೇಶದ ಹೆಸರಿನ ತಂಡಗಳು ಏಕಿಲ್ಲ? (ಮೈಸೂರಿನ ಓದುಗರು)

ನೀವು ಬಯಸುವ ದೇಶವಾರು ತಂಡಗಳ ಪ್ರಯೋಗ ಟೂರ್‌ನಲ್ಲಿಯೇ ದೀರ್ಘಕಾಲ ನಡೆದಿದೆ. ಸೈಕಲ್ ತಯಾರಕ ಕಂಪನಿಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು ಸ್ಪರ್ಧೆಯನ್ನು ಕೆಡಿಸುತ್ತಿವೆ ಎಂದು ಸಿಟ್ಟಾದ ಸಂಘಟಕ ಹೆನ್ರಿ ದೆಗ್ರಾಂಜ್ ಅವರು 1930ರಲ್ಲಿ ಕಂಪನಿ ತಂಡಗಳನ್ನು ಹೊರಗಿಟ್ಟು, ಫ್ರಾನ್ಸ್, ಇಟಲಿ, ಬೆಲ್ಜಿಯಂ ಎಂದು ದೇಶದ ಹೆಸರಿನಲ್ಲಿ ಸವಾರರನ್ನು ಇಳಿಸಿದರು. ಆದರೆ ಸವಾರರ ಊಟ, ವಸತಿ, ಸೈಕಲ್ಲುಗಳ ವೆಚ್ಚವೆಲ್ಲ ಸಂಘಟಕರ ತಲೆಯ ಮೇಲೆಯೇ ಬಿತ್ತು. ಅದನ್ನು ತುಂಬಿಕೊಳ್ಳಲು ಅದೇ ವರ್ಷ ಅವರು ಸ್ಪರ್ಧೆಯ ಮುಂದೆ ಜಾಹೀರಾತು ವಾಹನಗಳ ಮೆರವಣಿಗೆಯನ್ನು ಆರಂಭಿಸಬೇಕಾಯಿತು. ಇಂದಿಗೂ ರಸ್ತೆಬದಿಯ ಜನರಿಗೆ ಟೋಪಿ, ತಿಂಡಿ ಪೊಟ್ಟಣ ಎಸೆಯುತ್ತ ಸಾಗುವ ಮೆರವಣಿಗೆ ಅದೇ. ಅಂಗಿಯಿಂದ ಅಳಿಸಿದ ಕಂಪನಿಯ ಹೆಸರು ಲಾರಿಯ ಮೇಲೆ ಬಂದು ಕುಳಿತಿತು. 1962ರಲ್ಲಿ ಕಂಪನಿ ತಂಡಗಳು ಮರಳಿದವು, 1967 ಮತ್ತು 1968ರಲ್ಲಿ ಮತ್ತೆ ದೇಶದ ತಂಡಗಳನ್ನು ಪರೀಕ್ಷಿಸಲಾಯಿತು, 1969ರಿಂದ ಈಚೆಗೆ ಆ ಪ್ರಯತ್ನವನ್ನೇ ಕೈಬಿಡಲಾಗಿದೆ.

ಇದಕ್ಕೆ ಕಾರಣ ಈ ಕ್ರೀಡೆಯ ಆದಾಯದ ಸ್ವರೂಪದಲ್ಲಿದೆ. ನಮ್ಮ ಆರ್‌ಸಿಬಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಟಿಕೆಟ್ ಹಣವಿದೆ, ಐಪಿಎಲ್ ಪ್ರಸಾರ ಹಕ್ಕಿನ ದೊಡ್ಡ ಮೊತ್ತದಲ್ಲಿ ಪಾಲಿದೆ. ಮಾಲೀಕರು ಬದಲಾದರೂ ತಂಡದ ಹೆಸರು ಉಳಿಯಲು ಅಷ್ಟು ಆಧಾರ ಸಾಕು. ಸೈಕ್ಲಿಂಗ್ ನಡೆಯುವುದು ಸಾರ್ವಜನಿಕ ರಸ್ತೆಯಲ್ಲಿ, ಜನ ನೋಡುವುದು ಪುಕ್ಕಟೆಯಾಗಿ. ಪ್ರಸಾರ ಹಕ್ಕಿನ ಹಣ ಬಹುಪಾಲು ಸಂಘಟಕರ ಬಳಿಯೇ ಉಳಿಯುತ್ತದೆ. ಟೂರ್ ಗೆದ್ದವರಿಗೆ ಸಿಗುವ ಬಹುಮಾನ 5,00,000 ಯೂರೊ, ಅದನ್ನೂ ವಾಡಿಕೆಯಂತೆ ಜೊತೆಗಾರರೊಂದಿಗೆ ಹಂಚಿಕೊಳ್ಳಲಾಗುತ್ತದೆ. ಸವಾರರು, ಮೆಕ್ಯಾನಿಕ್‌ಗಳು, ಮಾಲೀಸು ಮಾಡುವವರು, ವೈದ್ಯರು, ಅಡುಗೆಯವರು, ಬಸ್ಸು, ಕಾರುಗಳ ಸಂಸಾರವನ್ನು ಆ ಹಣದಿಂದ ನಡೆಸಲಾಗದು. ಹಾಗಾಗಿ ತಂಡದ ಹೆಸರೇ ತಂಡದ ಬಳಿ ಇರುವ ಏಕೈಕ ಸರಕಾಗಿದ್ದು, ಅದನ್ನು ಮಾರಿಯೇ ಬದುಕಬೇಕು.

ಮೊದಲಿಗೆ ಈ ಹೆಸರುಗಳು ಸೈಕಲ್ ಕಂಪನಿಗಳದ್ದೇ ಆಗಿದ್ದವು. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಜನ ಸ್ಕೂಟರ್ ಮತ್ತು ಕಾರುಗಳತ್ತ ತಿರುಗಿದಾಗ ಸೈಕಲ್ ಮಾರಾಟ ಕುಸಿಯಿತು, ತಂಡಗಳಿಗೆ ಹಣ ಕೊಡುವವರಿಲ್ಲದಾಯಿತು. 1954ರಲ್ಲಿ ಇಟಲಿಯ ಫಿಯೊರೆಂಜೊ ಮಾನ್ಯಿ ಅವರು ಮುಖಕ್ಕೆ ಹಚ್ಚುವ ನಿವಿಯಾ ಕ್ರೀಮಿನ ಹೆಸರನ್ನು ಅಂಗಿಯ ಮೇಲೆ ತಂದರು. ಸೈಕಲ್ ಕಂಪನಿಗಳು ಅದನ್ನು ಬಲವಾಗಿ ವಿರೋಧಿಸಿದವಾದರೂ ಮಾನ್ಯಿ ಅವರ ದಾರಿಯೇ ಎಲ್ಲರ ದಾರಿಯಾಯಿತು. ಕಾಫಿ ಯಂತ್ರ, ಮಾಂಸದ ಸಾಸೇಜು, ಬ್ಯಾಂಕು, ಟೈಲ್ಸ್ ಅಂಟು, ಕೈಗಡಿಯಾರ ಎಲ್ಲವೂ ಆ ಬಳಿಕ ಬಂದವು.

ಹೆಸರು ಬದಲಾಗುವುದಕ್ಕೆ ಒಂದೇ ತಂಡದ ಜಾತಕವನ್ನು ನೋಡಿದರೆ ಸಾಕು. 1984ರಲ್ಲಿ ಕ್ವಾಂಟಮ್ ಎಂಬ ಡಚ್ ಮಳಿಗೆಯ ಹೆಸರಿನಲ್ಲಿ ಶುರುವಾದ ತಂಡ ಮುಂದೆ ಸೂಪರ್‌ಕಾನ್ಫೆಕ್ಸ್, ಬಕ್ಲರ್, ವರ್ಡ್‌ಪರ್ಫೆಕ್ಟ್, ನೊವೆಲ್ ಆಗಿ, 1996ರಲ್ಲಿ ರಾಬೊಬ್ಯಾಂಕ್ ಆಯಿತು. 2012ರ ಅಕ್ಟೋಬರಿನಲ್ಲಿ ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಉದ್ದೀಪನ ಮದ್ದಿನ ಹಗರಣದ ವರದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಈ ಕ್ರೀಡೆ ಶುದ್ಧವಾಗುವ ನಂಬಿಕೆ ತನಗಿಲ್ಲವೆಂದು ಬ್ಯಾಂಕು ಹೆಸರನ್ನು ಹಿಂತೆಗೆದುಕೊಂಡಿತು. ಪ್ರಾಯೋಜಕರ ಹೆಸರಿಲ್ಲದೆ ಬ್ಲಾಂಕೊ ಎಂದು ಕರೆದುಕೊಂಡು ಅರ್ಧ ಋತು ಓಡಿದ ತಂಡ, ಬಳಿಕ ಬೆಲ್ಕಿನ್, ಲೊಟ್ಟೊ ಎನ್‌ಎಲ್-ಯುಂಬೊ, ಯುಂಬೊ-ವಿಸ್ಮಾ ಎಂದಾಗುತ್ತ 2023ರಲ್ಲಿ ಇಟಲಿಯ ಜಿರೊ, ಫ್ರಾನ್ಸಿನ ಟೂರ್, ಸ್ಪೇನಿನ ವುಯೆಲ್ಟಾ ಎಂಬ ಮೂರು ವಾರಗಳ ಮಹಾಸ್ಪರ್ಧೆಗಳು ಮೂರನ್ನೂ ಮೂವರು ಬೇರೆಬೇರೆ ಸವಾರರ ಮೂಲಕ ಗೆದ್ದಿತು. ಅಂಥ ಸಾಧನೆಯ ವರ್ಷದ ಕೊನೆಯಲ್ಲಿಯೇ ಯುಂಬೊ ಸೂಪರ್‌ಮಾರ್ಕೆಟ್ ಹೊರನಡೆಯಿತು. ಪ್ರತಿಸ್ಪರ್ಧಿ ತಂಡವೊಂದರಲ್ಲಿ ವಿಲೀನವಾಗುವ ಮಾತುಕತೆ ನಡೆದು ಮುರಿದುಬಿದ್ದು, ಕೊನೆಗೆ ವಿಸ್ಮಾ-ಲೀಸ್ ಎ ಬೈಕ್ ಎಂಬ ಈಗಿನ ಹೆಸರು ಬಂತು. ಗೆಲುವು ಕೂಡ ತಂಡದ ನಾಳೆಯನ್ನು ಕಾಯುವುದಿಲ್ಲ ಎಂಬುದು ನನಗೆ ಈ ಕ್ರೀಡೆಯಲ್ಲಿ ಅತ್ಯಂತ ನೋವಿನ ಸಂಗತಿ.

ಪ್ರಶ್ನೆ: ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಸಾರ್ವಕಾಲಿಕ ಶ್ರೇಷ್ಠ ಸೈಕ್ಲಿಸ್ಟ್ ಎಂದು ನಾನು ಹೇಳಿದರೆ, ನನ್ನ ಮಗ ಈಗಿನ ಸ್ಲೊವೇನಿಯಾದ ತದೇಯ್ ಪೊಗಾಚಾರ್ ಎನ್ನುತ್ತಾನೆ. ಮೆರ್ಕ್ಸ್ ಕಾಲದಲ್ಲಿ ಪೈಪೋಟಿಯೇ ಇರಲಿಲ್ಲ, ಸಿಕ್ಕ ಸಿಕ್ಕ ರೇಸುಗಳಲ್ಲಿ ಓಡಿ ಲೆಕ್ಕ ಬೆಳೆಸಿಕೊಂಡರು ಎಂಬುದು ಅವನ ವಾದ. ಏಳು ಬಾರಿ ಟೂರ್ ಗೆದ್ದ ಆರ್ಮ್‌ಸ್ಟ್ರಾಂಗ್ ಅವರನ್ನು ಏಕೆ ಎಣಿಸುವುದಿಲ್ಲ? (ಶಿವಮೊಗ್ಗದ ಓದುಗರು)

ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ 1999ರಿಂದ 2005ರವರೆಗಿನ ಏಳೂ ಪ್ರಶಸ್ತಿಗಳನ್ನು ಉದ್ದೀಪನ ಮದ್ದು ಸೇವನೆಗಾಗಿ 2012ರಲ್ಲಿ ರದ್ದುಪಡಿಸಲಾಗಿದ್ದು, ಆ ವರ್ಷಗಳಿಗೆ ವಿಜೇತರೇ ಇಲ್ಲ. ಅವರ ಪ್ರಾಯೋಜಕರಾಗಿದ್ದ ಅಮೆರಿಕದ ಅಂಚೆ ಇಲಾಖೆಯ ಹಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2018ರಲ್ಲಿ ಅವರು 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು.

ಇನ್ನು ನಿಮ್ಮ ಮತ್ತು ನಿಮ್ಮ ಮಗನ ವಾದ. ಗೆಲುವುಗಳನ್ನು ಬರಿದೇ ಎಣಿಸಿದರೆ ನಾವು ಸವಾರನ ಜೊತೆಗೆ ಅವನ ಕಾಲದ ಪ್ರಾಯೋಜಕರನ್ನೂ ಎಣಿಸುತ್ತಿರುತ್ತೇವೆ ಎಂಬುದನ್ನು ಇಬ್ಬರೂ ಗಮನಿಸಬೇಕು. ಮೆರ್ಕ್ಸ್ ಅವರಿಗೆ ಅವರ ಉತ್ತುಂಗದ ವರ್ಷಗಳಲ್ಲಿ ಸಂಬಳ ಕೊಟ್ಟದ್ದು ಮೊದಲು ಫಾಯೆಮಾ ಎಂಬ ಇಟಲಿಯ ಕಾಫಿ ಯಂತ್ರದ ಕಂಪನಿ, ನಂತರ ಮೊಲ್ತೇನಿ ಎಂಬ ಇಟಲಿಯದೇ ಮಾಂಸೋತ್ಪನ್ನ ಕಂಪನಿ. ಇಟಲಿಯಲ್ಲಿ ಸರಕು ಮಾರುವವರಿಗೆ ಜಿರೊ ಬೇಕು, ಬೆಲ್ಜಿಯಂನ ಅಭಿಮಾನಿಗಳಿಗೆ ವಸಂತ ಋತುವಿನ ಒಂದು ದಿನದ ರೇಸುಗಳು ಬೇಕು, ಎಲ್ಲರಿಗೂ ಟೂರ್ ಬೇಕು. ಚಳಿಗಾಲದಲ್ಲಿ ಒಳಾಂಗಣ ಟ್ರ್ಯಾಕುಗಳಲ್ಲಿ ಆರು ದಿನದ ರೇಸುಗಳೂ ಇದ್ದವು. 1971ರಲ್ಲಿ ಅವರು 120 ರೇಸುಗಳಲ್ಲಿ ಓಡಿ 54ರಲ್ಲಿ ಗೆದ್ದರು. ಪೊಗಾಚಾರ್ 2024ರಲ್ಲಿ ಸ್ಪರ್ಧಿಸಿದ್ದು 58 ದಿನ, ಗೆದ್ದದ್ದು 25. ಶೇಕಡಾವಾರು ನೋಡಿದರೆ ಒಬ್ಬರದು 45, ಇನ್ನೊಬ್ಬರದು 43. ಮೆರ್ಕ್ಸ್ ಅವರ ಒಟ್ಟು 525 ಗೆಲುವನ್ನು ಈಗಿನ ಯಾರೂ ಮುಟ್ಟಲಾರರು, ಏಕೆಂದರೆ ಅಷ್ಟು ದಿನ ಓಡಲು ಇಂದಿನ ತಂಡಗಳು ಬಿಡುವುದೇ ಇಲ್ಲ. ಎತ್ತರದ ಬೆಟ್ಟಗಳಲ್ಲಿ ವಾರಗಟ್ಟಲೆ ತರಬೇತಿ ನಡೆಸಿ, ಆರಿಸಿಕೊಂಡ ಕೆಲವೇ ರೇಸುಗಳಿಗೆ ಸಿದ್ಧರಾಗುವುದು ಈಗಿನ ಪದ್ಧತಿ. ಆದ್ದರಿಂದ 525 ಎಂಬ ಸಂಖ್ಯೆಯನ್ನು ವಾದದಿಂದ ಪಕ್ಕಕ್ಕಿಡಿ ಎಂಬ ಮಟ್ಟಿಗೆ ನಿಮ್ಮ ಮಗನ ಮಾತು ಸರಿಯಾಗಿದೆ.

ಅದನ್ನು ಪಕ್ಕಕ್ಕಿಟ್ಟ ಮೇಲೂ ನನ್ನ ತೀರ್ಪು ಮೆರ್ಕ್ಸ್ ಪರವೇ ಇದೆ, ಮತ್ತು ಅದಕ್ಕೆ ಆಧಾರ ಅವರ ಗೆಲುವಿನ ಹರವು. ಮೂರು ವಾರಗಳ ಮೂರು ಮಹಾಸ್ಪರ್ಧೆಗಳಲ್ಲಿ ಐದು ಟೂರ್, ಐದು ಜಿರೊ, ಒಂದು ವುಯೆಲ್ಟಾ ಸೇರಿ ಹನ್ನೊಂದು. ಮಾನ್ಯುಮೆಂಟ್ ಎಂದು ಕರೆಯುವ ಐದು ಹಳೆಯ ಒಂದು ದಿನದ ರೇಸುಗಳಲ್ಲಿ ಐದನ್ನೂ, ಪ್ರತಿಯೊಂದನ್ನು ಕನಿಷ್ಠ ಎರಡು ಬಾರಿ ಗೆದ್ದು ಒಟ್ಟು 19. ವೃತ್ತಿಪರ ವಿಶ್ವ ಚಾಂಪಿಯನ್ ಪಟ್ಟ ಮೂರು ಬಾರಿ. 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಕ್ರಮಿಸಿದ ದಾಖಲೆ. ಬೆಟ್ಟ ಹತ್ತುವವನು ಕಲ್ಲುಹಾಸಿನ ರಸ್ತೆಯಲ್ಲಿ ಸೋಲುತ್ತಾನೆ, ವೇಗದ ಓಟಗಾರ ಬೆಟ್ಟದಲ್ಲಿ ಹಿಂದೆ ಉಳಿಯುತ್ತಾನೆ ಎಂಬುದು ಈ ಕ್ರೀಡೆಯ ಸಾಮಾನ್ಯ ನಿಯಮವಾಗಿದ್ದು, 1969ರ ಟೂರ್‌ನಲ್ಲಿ ಒಟ್ಟಾರೆ ವಿಜೇತರ ಹಳದಿ ಅಂಗಿ, ಅಂಕಗಳಲ್ಲಿ ಮುಂದಿರುವವರ ಹಸಿರು ಅಂಗಿ, ಬೆಟ್ಟದ ರಾಜನ ಪಟ್ಟ ಮೂರನ್ನೂ ಒಬ್ಬರೇ ಪಡೆದು ಮೆರ್ಕ್ಸ್ ಅದನ್ನು ಸುಳ್ಳು ಮಾಡಿದರು.

ಅದೇ ಟೂರ್‌ನಲ್ಲಿ ಲುಶೋನ್‌ನಿಂದ ಮೂರೆನ್ಸ್‌ವರೆಗಿನ ಹಂತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗಲೇ ಎಂಟು ನಿಮಿಷಕ್ಕೂ ಹೆಚ್ಚು ಮುಂದಿದ್ದ ಮೆರ್ಕ್ಸ್ ಅವರಿಗೆ ಆ ದಿನ ದಾಳಿ ಮಾಡುವ ಅಗತ್ಯವೇ ಇರಲಿಲ್ಲ. ಆದರೆ ಬೆಟ್ಟಗಳಲ್ಲಿ ಅವರಿಗೆ ಆಸರೆಯಾಗಿದ್ದ ಜೊತೆಗಾರ ಮಾರ್ಟಿನ್ ವ್ಯಾನ್ ಡೆನ್ ಬೋಷ್ ಅವರು ಮುಂದಿನ ವರ್ಷ ಮೊಲ್ತೇನಿ ತಂಡಕ್ಕೆ ಹೋಗುವುದಾಗಿ ತಿಳಿಸಿದ್ದರು. ತೂರ್ಮಲೆ ಕಣಿವೆಮಾರ್ಗದ ನೆತ್ತಿಯನ್ನು ಮೊದಲು ದಾಟುವ ಗೌರವ ತನಗೆ ಸಿಗಬಹುದೆಂದು ಆ ಜೊತೆಗಾರ ಆಸೆಪಟ್ಟಿದ್ದಾಗ, ಮೆರ್ಕ್ಸ್ ತಾವೇ ಆತನನ್ನು ದಾಟಿ ಮುಂದೆ ನುಗ್ಗಿದರು. ಇಳಿಜಾರಿನಲ್ಲಿಯೂ ನಿಲ್ಲದೆ ಸುಮಾರು 140 ಕಿ.ಮೀ. ಒಬ್ಬರೇ ತುಳಿದು ಎಂಟು ನಿಮಿಷಗಳಷ್ಟು ಅಂತರದಲ್ಲಿ ಗೆದ್ದರು. ಈ ಕ್ರೀಡೆಯ ಅತ್ಯಂತ ಪ್ರಸಿದ್ಧ ಏಕಾಂಗಿ ಓಟಗಳಲ್ಲೊಂದರ ಹಿಂದೆ ಪ್ರಾಯೋಜಕರ ಬದಲಾವಣೆಯ ಸುದ್ದಿಯೊಂದಿತ್ತು. ಎರಡು ವರ್ಷದ ಬಳಿಕ ಮೆರ್ಕ್ಸ್ ತಾವೂ ಮೊಲ್ತೇನಿ ತಂಡವನ್ನೇ ಸೇರಿದರು. ಅಂಥ ಮೆರ್ಕ್ಸ್ ಅವರನ್ನೂ 1977ರ ಕೊನೆಯಲ್ಲಿ ಆಗಿನ ಪ್ರಾಯೋಜಕ ಫಿಯಟ್ ಕೈಬಿಟ್ಟಿತು. ತರಾತುರಿಯಲ್ಲಿ ಸಿಕ್ಕ ಬಟ್ಟೆ ಮಳಿಗೆಯೊಂದರ ಅಂಗಿಯಲ್ಲಿ ಕೆಲವೇ ರೇಸು ಓಡಿ 1978ರ ಮೇ ತಿಂಗಳಲ್ಲಿ ಅವರು ನಿವೃತ್ತರಾದರು.

ಮೆರ್ಕ್ಸ್ ಅವರ ಮೇಲಿನ ಆಕ್ಷೇಪಗಳನ್ನು ಮುಚ್ಚಿಡಬಾರದು. ಮದ್ದು ಪರೀಕ್ಷೆಯಲ್ಲಿ ಅವರು ಮೂರು ಬಾರಿ ಸಿಕ್ಕಿಬಿದ್ದಿದ್ದಾರೆ. 1969ರ ಜಿರೊದಿಂದ ಹೊರಹಾಕಿದ ಪ್ರಕರಣ ಇಂದಿಗೂ ವಿವಾದದಲ್ಲಿದೆ, 1973ರಲ್ಲಿ ಇಟಲಿಯ ಲೊಂಬಾರ್ದಿಯಾ ಮಾನ್ಯುಮೆಂಟ್‌ನ ಗೆಲುವನ್ನು ಅವರಿಂದ ಕಸಿಯಲಾಯಿತು. ಪೈಪೋಟಿಯ ಬಗ್ಗೆ ನಿಮ್ಮ ಮಗ ಹೇಳುವುದರಲ್ಲಿಯೂ ಹುರುಳಿದೆ. ಅಂದಿನ ಸವಾರರು ಬಹುತೇಕ ಪಶ್ಚಿಮ ಯುರೋಪಿನ ನಾಲ್ಕೈದು ದೇಶದವರು. ಇಂದು ಸ್ಲೊವೇನಿಯಾ, ಡೆನ್ಮಾರ್ಕ್, ಕೊಲಂಬಿಯಾದವರು ಮುಂಚೂಣಿಯಲ್ಲಿದ್ದಾರೆ, 2024ರ ಟೂರ್‌ನ ಹಸಿರು ಅಂಗಿ ತೊಟ್ಟವರು ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್.

ಇಷ್ಟೆಲ್ಲ ದಟ್ಟ ಪೈಪೋಟಿಯ ನಡುವೆ ಪೊಗಾಚಾರ್ ಅವರು 2025ರ ಋತು ಮುಗಿಯುವ ಹೊತ್ತಿಗೆ ನಾಲ್ಕು ಟೂರ್, ಒಂದು ಜಿರೊ, ಎರಡು ವಿಶ್ವ ಚಾಂಪಿಯನ್ ಪಟ್ಟ ಮತ್ತು ಹತ್ತು ಮಾನ್ಯುಮೆಂಟ್‌ಗಳನ್ನು ಗೆದ್ದಿದ್ದರು. 2024ರಲ್ಲಿ ಒಂದೇ ವರ್ಷ ಜಿರೊ, ಟೂರ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಗೆದ್ದರು. ಅವರಿಗಿಂತ ಮೊದಲು ಹಾಗೆ ಗೆದ್ದವರು 1974ರಲ್ಲಿ ಮೆರ್ಕ್ಸ್ ಮತ್ತು 1987ರಲ್ಲಿ ಸ್ಟೀಫನ್ ರೋಶ್ ಮಾತ್ರ. 2025ರಲ್ಲಿ ಐದೂ ಮಾನ್ಯುಮೆಂಟ್‌ಗಳಲ್ಲಿ ಮೊದಲ ಮೂರು ಸ್ಥಾನದೊಳಗೆ ಬಂದರು. ಹಣದ ಬಲ ಅವರಿಗೂ ಇದೆ. ಅವರ ತಂಡ ಸಂಯುಕ್ತ ಅರಬ್ ಎಮಿರೇಟ್ಸ್‌ನ ಸರ್ಕಾರಿ ಒಡೆತನದ ಸಂಸ್ಥೆಗಳ ಹೆಸರು ಹೊತ್ತಿದೆ, ಆ ಬೆಂಬಲದಿಂದ ಬೇರೆಡೆ ನಾಯಕರಾಗಬಲ್ಲ ಸವಾರರು ಇವರಿಗೆ ಸಹಾಯಕರಾಗಿದ್ದಾರೆ. ಆದರೆ ತಮ್ಮ ಕಾಲದ ಅತ್ಯಂತ ಬಲಿಷ್ಠ ತಂಡ ಮೆರ್ಕ್ಸ್ ಅವರ ಬೆನ್ನಿಗೂ ಇತ್ತು. ಮೆರ್ಕ್ಸ್ ಅವರ ಹರವಿಗೆ ಹೋಲಿಸಿದರೆ 2025ರ ಕೊನೆಯಲ್ಲಿ ಪೊಗಾಚಾರ್ ಅವರಿಗೆ ಉಳಿದಿದ್ದ ಕೊರತೆ ಮಿಲಾನ್-ಸಾನ್ ರೆಮೊ, ಪ್ಯಾರಿಸ್-ರುಬೆ ಎಂಬ ಎರಡು ಮಾನ್ಯುಮೆಂಟ್‌ಗಳು ಮತ್ತು ವುಯೆಲ್ಟಾ. ಈ ಮೂರನ್ನು ಅವರು ಗೆದ್ದರೆ ನಾನು ನಿಮ್ಮ ಮಗನ ಕಡೆಗೆ ಬರಲು ಸಿದ್ಧ.

ಇಟಲಿಯ ಫೌಸ್ಟೊ ಕೊಪ್ಪಿ ಅವರನ್ನು ಕೂಡ ನೀವಿಬ್ಬರೂ ವಾದಕ್ಕೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಇಪ್ಪತ್ತನೆಯ ವಯಸ್ಸಿಗೆ 1940ರ ಜಿರೊ ಗೆದ್ದ ಅವರ ಅತ್ಯುತ್ತಮ ವರ್ಷಗಳನ್ನು ಯುದ್ಧ ನುಂಗಿತು, ಅವರು ಉತ್ತರ ಆಫ್ರಿಕಾದಲ್ಲಿ ಯುದ್ಧಕೈದಿಯಾಗಿದ್ದರು. ಆದರೂ ಐದು ಜಿರೊ, ಎರಡು ಟೂರ್ ಅವರ ಹೆಸರಿನಲ್ಲಿವೆ. 1949ರ ಜಿರೊದಲ್ಲಿ ಕುನಿಯೊದಿಂದ ಪಿನೆರೋಲೊಗೆ 192 ಕಿ.ಮೀ. ಒಬ್ಬರೇ ಮುನ್ನಡೆದಾಗ ರೇಡಿಯೊ ವೀಕ್ಷಕ ವಿವರಣೆಗಾರರು, ಒಬ್ಬನೇ ಒಬ್ಬ ಮುಂದಿದ್ದಾನೆ, ಅವನ ಅಂಗಿ ಬಿಳಿ ಮತ್ತು ತಿಳಿನೀಲಿ, ಅವನ ಹೆಸರು ಫೌಸ್ಟೊ ಕೊಪ್ಪಿ ಎಂದರು. ಆ ಬಣ್ಣ ಬಿಯಾಂಕಿ ಸೈಕಲ್ ಕಂಪನಿಯದು. ಸವಾರನ ಹೆಸರಿಗಿಂತ ಮೊದಲು ಕಂಪನಿಯ ಬಣ್ಣ ಕೇಳುಗರ ಮನೆ ತಲುಪಿತು.

ಪ್ರಶ್ನೆ: ನನ್ನ ಮಗಳು ಹದಿನಾರರ ವಯಸ್ಸಿನವಳು, ರಸ್ತೆ ಸೈಕ್ಲಿಂಗ್ ಅಭ್ಯಾಸ ಮಾಡುತ್ತಾಳೆ. ಪ್ರಾಯೋಜಕರಿಲ್ಲದೆ ಯಾರೂ ದೊಡ್ಡ ಸೈಕ್ಲಿಸ್ಟ್ ಆಗಿಲ್ಲ ಎಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ? (ವಿಜಯಪುರದ ಓದುಗರು)

ಪೂರ್ತಿ ನಿಜವಲ್ಲ. ಇಂಗ್ಲೆಂಡಿನ ಬೆರಿಲ್ ಬರ್ಟನ್ ಅವರು ಯಾರ್ಕ್‌ಷೈರಿನ ತೋಟವೊಂದರಲ್ಲಿ ದುಡಿಯುತ್ತ, ಕೊನೆಯವರೆಗೂ ಹವ್ಯಾಸಿಯಾಗಿಯೇ ಓಡಿ, ಎರಡು ಬಾರಿ ರಸ್ತೆ ವಿಶ್ವ ಚಾಂಪಿಯನ್ ಆದರು. 1967ರಲ್ಲಿ ಹನ್ನೆರಡು ಗಂಟೆಗಳ ಸ್ಪರ್ಧೆಯಲ್ಲಿ 277.25 ಮೈಲಿ, ಅಂದರೆ ಸುಮಾರು 446 ಕಿ.ಮೀ. ಕ್ರಮಿಸಿ ಪುರುಷರ ದಾಖಲೆಯನ್ನೂ ಮೀರಿಸಿದರು. ಅಂದು ಪುರುಷರ ವಿಭಾಗದಲ್ಲಿ ಮುಂದಿದ್ದ ಸವಾರನನ್ನು ಹಿಂದಿಕ್ಕುವಾಗ ಅವರಿಗೆ ಒಂದು ಜ್ಯೇಷ್ಠಮಧುವಿನ ಮಿಠಾಯಿ ಕೊಟ್ಟು ಮುಂದೆ ಹೋದರು. ಶ್ರೇಷ್ಠರ ಪಟ್ಟಿಗಳಲ್ಲಿ ಅವರ ಹೆಸರು ಅಪರೂಪ, ಏಕೆಂದರೆ ಮಹಿಳೆಯರ ರಸ್ತೆ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದೇ 1958ರಲ್ಲಿ, ಒಲಿಂಪಿಕ್ಸ್‌ಗೆ ಮಹಿಳಾ ಸೈಕ್ಲಿಂಗ್ ಬಂದದ್ದು 1984ರಲ್ಲಿ. ಈಗ ಪರಿಸ್ಥಿತಿ ಸುಧಾರಿಸಿದೆ. ಉನ್ನತ ದರ್ಜೆಯ ಮಹಿಳಾ ತಂಡಗಳಲ್ಲಿ 2020ರಿಂದ ಕನಿಷ್ಠ ವೇತನ ಜಾರಿಯಲ್ಲಿದೆ, 2022ರಿಂದ ಮಹಿಳೆಯರ ಟೂರ್ ಡಿ ಫ್ರಾನ್ಸ್ ನಡೆಯುತ್ತಿದೆ.

ನಿಮ್ಮ ಜಿಲ್ಲೆ ಸೈಕ್ಲಿಸ್ಟ್‌ಗಳಿಗೆ ಹೆಸರಾದದ್ದು, ಆದ್ದರಿಂದ ಒಳ್ಳೆಯ ತರಬೇತುದಾರರ ಕೊರತೆ ನಿಮಗಿರಲಾರದು. ಭಾರತದಲ್ಲಿ ಕಂಪನಿ ಪ್ರಾಯೋಜಕತ್ವಕ್ಕಿಂತ ರೈಲ್ವೆ ಮತ್ತು ಸೇನೆಯ ಉದ್ಯೋಗಗಳೇ ಸೈಕ್ಲಿಸ್ಟ್‌ಗಳನ್ನು ಹೆಚ್ಚಾಗಿ ಸಾಕಿವೆ, ಅವಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳ ಫಲಿತಾಂಶ ಮುಖ್ಯವಾಗುತ್ತದೆ. ಹಾಗಾಗಿ ಸಾಲ ಮಾಡಿ ಲಕ್ಷಗಟ್ಟಲೆ ಬೆಲೆಯ ಸೈಕಲ್ ಕೊಳ್ಳುವುದಕ್ಕೆ ಮೊದಲು, ಅಳತೆಗೆ ಸರಿಹೊಂದುವ ಸಾಧಾರಣ ಸೈಕಲ್‌ನಲ್ಲಿ ಜೂನಿಯರ್ ವಿಭಾಗದ ಫಲಿತಾಂಶಗಳನ್ನು ಕಲೆಹಾಕಲಿ. ಸಾಧ್ಯವಾದಾಗ ಪವರ್ ಮೀಟರ್ ಒಂದನ್ನು ಕೊಡಿಸಿ, ತುಳಿತದ ಬಲವನ್ನು ವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳೂ ದಾಖಲಿಸಿಡಿ. ಹೊರದೇಶದ ತಂಡಗಳು ಈಗ ಆ ಅಂಕಿಗಳನ್ನು ಕೇಳುತ್ತವೆ. ಆಸ್ಟ್ರೇಲಿಯಾದ ಜೇ ವೈನ್ ಅವರು 2020ರಲ್ಲಿ ಮನೆಯೊಳಗಿನ ಟ್ರೇನರ್ ಮೇಲೆ ಸೈಕಲ್ ತುಳಿದು ಗೆದ್ದ ಆನ್‌ಲೈನ್ ಸ್ಪರ್ಧೆಯೊಂದರಿಂದಲೇ ವೃತ್ತಿಪರ ಒಪ್ಪಂದ ಪಡೆದು, 2022ರ ವುಯೆಲ್ಟಾದಲ್ಲಿ ಎರಡು ಹಂತಗಳನ್ನು ಗೆದ್ದಿದ್ದಾರೆ.