ಕಾಲುವೆಯ ತುದಿಯ ಹೊಲಕ್ಕೆ ನೀರು ಬಾರದಿರುವುದನ್ನು ಏಜೆಂಟ್ ಆಧಾರಿತ ಮಾದರಿಯಿಂದ ಅಧ್ಯಯನ ಮಾಡಬಹುದೇ?

ನೀವು ಬಾಗಲಕೋಟೆ ಜಿಲ್ಲೆಯ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಎಂದು ಬರೆದಿದ್ದೀರಿ. ಘಟಪ್ರಭಾ ಎಡದಂಡೆಯ ಒಂದು ವಿತರಣಾ ಕಾಲುವೆಯಲ್ಲಿ ತುದಿಯ ಹೊಲಗಳಿಗೆ ನೀರು ಏಕೆ ಮುಟ್ಟುವುದಿಲ್ಲ ಎಂಬುದನ್ನು ಏಜೆಂಟ್ ಆಧಾರಿತ ಮಾದರಿಯಿಂದ, ಅಂದರೆ ಪ್ರತಿ ರೈತನನ್ನೂ ಸ್ವಂತವಾಗಿ ತೀರ್ಮಾನಿಸುವ ಒಂದೊಂದು ಪಾತ್ರವಾಗಿ (ಏಜೆಂಟ್) ಇಟ್ಟು ಓಡಿಸುವ ಕಂಪ್ಯೂಟರ್ ಪ್ರೋಗ್ರಾಮಿನಿಂದ, ಪರಿಶೀಲಿಸಬಹುದೇ, ಹರಿವಿನ ಸಮೀಕರಣಗಳೇ ಸಾಲವೇ, ಬಹು ಏಜೆಂಟ್ ವ್ಯವಸ್ಥೆ ಎಂಬುದೂ ಇದೇ ಅಲ್ಲವೇ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ನನ್ನ ಉತ್ತರ ಇಷ್ಟು: ಖಂಡಿತವಾಗಿ ಮಾಡಬಹುದು, ಮಾಡಲೇಬೇಕಾದ ಕೆಲಸವೂ ಹೌದು. ಆದರೆ ಈ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಕಂಪ್ಯೂಟರಿನ ಮುಂದೆ ನಡೆಯುವುದಿಲ್ಲ, ಕಾಲುವೆಯ ದಂಡೆಯ ಮೇಲೆ ನಡೆಯುತ್ತದೆ.

ಈ ಕಾಲುವೆಗೆ ನೀರೊದಗಿಸುವ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿನಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಆವಿಯಾಗುತ್ತದೆ, ಇಳಿಜಾರಿಗೆ ತಕ್ಕಂತೆ ಎಷ್ಟು ವೇಗದಲ್ಲಿ ಹರಿಯುತ್ತದೆ ಎಂಬುದನ್ನು ಸಮೀಕರಣಗಳು ಚೆನ್ನಾಗಿಯೇ ಹೇಳುತ್ತವೆ. ಅವು ಹೇಳಲಾಗದ್ದು ಕಾಲುವೆಯ ಮೊದಲಲ್ಲಿ ಇರುವ ರೈತ ಈ ವರ್ಷ ಕಬ್ಬು ಹಚ್ಚುತ್ತಾನೋ ಗೋವಿನಜೋಳ ಬಿತ್ತುತ್ತಾನೋ, ತುದಿಯ ರೈತ ಕಾಲುವೆಯ ಆಸೆ ಬಿಟ್ಟು ಕೊಳವೆಬಾವಿ ಕೊರೆಸುತ್ತಾನೋ ಕಡಲೆಗೆ ತೃಪ್ತನಾಗುತ್ತಾನೋ ಎಂಬುದನ್ನು. ಈ ತೀರ್ಮಾನಗಳು ಒಂದನ್ನೊಂದು ಅವಲಂಬಿಸಿವೆ. ಮೇಲಿನವರು ಕಬ್ಬು ಹೆಚ್ಚಿಸಿದಷ್ಟೂ ಕೆಳಗಿನವರ ನೀರು ಕುಗ್ಗುತ್ತದೆ. ಕೆಳಗಿನವರು ಕಾಲುವೆಯನ್ನು ಬಿಟ್ಟಷ್ಟೂ ಸರದಿಯಂತೆ ನೀರು ಕೊಡಿ ಎಂದು ಕೇಳುವ ಧ್ವನಿ ಕ್ಷೀಣಿಸುತ್ತದೆ, ಆಗ ಮೇಲಿನವರು ಇನ್ನಷ್ಟು ನೀರು ಎಳೆದುಕೊಳ್ಳುತ್ತಾರೆ. ಎಲ್ಲರನ್ನೂ ಕೂಡಿಸಿ ಒಬ್ಬ ‘ಸರಾಸರಿ ರೈತ’ನನ್ನು ಮಾಡಿಕೊಂಡು ಲೆಕ್ಕ ಹಾಕಿದರೆ, ಮೊದಲು ಮತ್ತು ತುದಿಯ ನಡುವಿನ ವ್ಯತ್ಯಾಸವೇ, ಅಂದರೆ ನಿಮ್ಮ ಪ್ರಶ್ನೆಯೇ, ಆ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಏಜೆಂಟ್ ಆಧಾರಿತ ಮಾದರಿಯಲ್ಲಿ ಪ್ರತಿ ರೈತನಿಗೂ ತನ್ನದೇ ಸ್ಥಾನ, ತನ್ನದೇ ಜಮೀನು, ತನ್ನದೇ ನೆನಪು, ತನ್ನದೇ ನಿಯಮಗಳಿರುತ್ತವೆ. ಪ್ರತಿ ಹಂಗಾಮಿನಲ್ಲಿ ಅವನು ಅಕ್ಕಪಕ್ಕ ನೋಡಿ ತೀರ್ಮಾನಿಸುತ್ತಾನೆ, ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಮುಂದಿನ ಹಂಗಾಮು ಬರುತ್ತದೆ. ‘ತುದಿಗೆ ನೀರು ಸಿಗುವುದಿಲ್ಲ’ ಎಂಬ ಸಾಲನ್ನು ನೀವು ಪ್ರೋಗ್ರಾಮಿನಲ್ಲಿ ಎಲ್ಲಿಯೂ ಬರೆಯುವಂತಿಲ್ಲ. ಬರೆಯದಿದ್ದರೂ ಅದು ಪ್ರೋಗ್ರಾಮಿನ ಓಟದಲ್ಲಿ ತಾನಾಗಿ ಮೂಡಿದರೆ ಮಾತ್ರ, ಆ ನಿಯಮಗಳು ಈ ಸ್ಥಿತಿಯನ್ನು ಉಂಟುಮಾಡಬಲ್ಲವು ಎಂದು ಹೇಳಲು ನಿಮಗೆ ಹಕ್ಕು ಬರುತ್ತದೆ.

ಈ ಬಗೆಯ ವಿಚಾರಕ್ಕೆ ಹಳೆಯ ಮತ್ತು ಸ್ಪಷ್ಟವಾದ ನಿದರ್ಶನ ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅವರದು. 1971ರಲ್ಲಿ ಅವರು ಪ್ರಕಟಿಸಿದ ಮಾದರಿಯಲ್ಲಿ ಚೌಕಗಳ ಹಲಗೆಯ ಮೇಲೆ ಎರಡು ಬಗೆಯ ಜನರಿದ್ದಾರೆ. ನೆರೆಯವರಲ್ಲಿ ಸುಮಾರು ಮೂರನೇ ಒಂದು ಭಾಗ ತನ್ನಂಥವರಿದ್ದರೆ ಪ್ರತಿಯೊಬ್ಬನೂ ಸಮಾಧಾನದಿಂದ ಇರುತ್ತಾನೆ, ಇಲ್ಲದಿದ್ದರೆ ಬೇರೆ ಕಡೆಗೆ ಹೋಗುತ್ತಾನೆ. ಇಷ್ಟು ಸೌಮ್ಯವಾದ ಬಯಕೆಯಿಂದಲೂ ಇಡೀ ಹಲಗೆ ಎರಡು ಕೇರಿಗಳಾಗಿ ಒಡೆಯುತ್ತದೆ. ಒಟ್ಟು ಫಲವನ್ನು ನೋಡಿ ಒಬ್ಬೊಬ್ಬರ ಉದ್ದೇಶವನ್ನು ಊಹಿಸಬಾರದು ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಕಾಲುವೆಗೂ ಇದು ಅನ್ವಯಿಸುತ್ತದೆ: ತುದಿಯ ಹೊಲ ಒಣಗಿತೆಂದರೆ ಮೇಲಿನ ರೈತ ಕೆಟ್ಟವನೆಂದು ಅರ್ಥವಲ್ಲ.

ಆದರೆ ನೀವು ಎಲ್ಲಕ್ಕಿಂತ ಮೊದಲು ಅಭ್ಯಾಸ ಮಾಡಬೇಕಾದ ಮಾದರಿ ಬಾಲಿ ದ್ವೀಪದ್ದು. ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ 1993ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಎರಡು ನದಿಗಳ ನಡುವಿನ 172 ಸುಬಾಕ್‌ಗಳು, ಅಂದರೆ ಭತ್ತದ ರೈತರ ನೀರಾವರಿ ಸಂಘಗಳು, ಏಜೆಂಟ್‌ಗಳಾಗಿವೆ. ಎಲ್ಲರೂ ಒಂದೇ ಸಲ ನಾಟಿ ಮಾಡಿದರೆ ಎಲ್ಲರಿಗೂ ಒಂದೇ ಸಲ ನೀರು ಬೇಕಾಗಿ ಕೊರತೆಯಾಗುತ್ತದೆ. ಬೇರೆ ಬೇರೆ ಸಮಯಕ್ಕೆ ಮಾಡಿದರೆ ನೀರು ಸಾಲುತ್ತದೆ, ಆದರೆ ಕೀಟಗಳು ಕೊಯ್ಲಾದ ಗದ್ದೆಯಿಂದ ಹಸಿರು ಗದ್ದೆಗೆ ಹಾರುತ್ತ ವರ್ಷವಿಡೀ ಬದುಕುತ್ತವೆ. ವಿಸ್ತಾರವಾದ ಪ್ರದೇಶ ಏಕಕಾಲಕ್ಕೆ ಬೀಳು ಬಿದ್ದಾಗ ಮಾತ್ರ ಅವುಗಳ ಸಂಖ್ಯೆ ಇಳಿಯುತ್ತದೆ. ಮಾದರಿಯಲ್ಲಿ ಪ್ರತಿ ಸುಬಾಕ್ ವರ್ಷದ ಕೊನೆಗೆ ನೆರೆಯವರ ಇಳುವರಿ ನೋಡಿ, ತನಗಿಂತ ಚೆನ್ನಾಗಿ ಬೆಳೆದವರ ಬೆಳೆ ಕ್ರಮವನ್ನು ಅನುಸರಿಸುತ್ತದೆ. ಅಷ್ಟೇ ನಿಯಮ. ಕೆಲವು ವರ್ಷಗಳ ಓಟದಲ್ಲಿ ಸುಬಾಕ್‌ಗಳು ಗುಂಪು ಗುಂಪಾಗಿ ಒಂದೇ ಕ್ರಮಕ್ಕೆ ಬಂದು ನಿಲ್ಲುತ್ತವೆ, ಆ ಗುಂಪುಗಳು ಅಲ್ಲಿನ ಜಲದೇವಾಲಯಗಳು ಶತಮಾನಗಳಿಂದ ನಡೆಸಿಕೊಂಡು ಬಂದ ವ್ಯವಸ್ಥೆಯನ್ನು ಬಹಳ ಮಟ್ಟಿಗೆ ಹೋಲುತ್ತವೆ.

ಅಲ್ಲಿ ಮೇಲ್ಭಾಗದ ರೈತ ಕೆಳಭಾಗದವನೊಡನೆ ಸಹಕರಿಸಲು ಕಾರಣವಿದೆ: ಅವನಿಗೆ ನೀರಿನ ಭಯವಿಲ್ಲದಿದ್ದರೂ ಕೆಳಗಿನಿಂದ ಬರುವ ಕೀಟದ ಭಯವಿದೆ. ಹಾಗಾದರೆ ನಮ್ಮ ಕಾಲುವೆಯಲ್ಲಿ ಮೇಲಿನ ರೈತ ಹೆಚ್ಚು ನೀರು ಬಳಸಿ ಕಳೆದುಕೊಳ್ಳುವುದೇನು? ನಿಮ್ಮ ಇಡೀ ಪ್ರಾಜೆಕ್ಟ್ ಈ ಪ್ರಶ್ನೆಯ ಮೇಲೆ ನಿಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಅವನು ಕಳೆದುಕೊಳ್ಳುವುದು ಭೂಮಿಯನ್ನು. ಎರೆ ಭೂಮಿಗೆ ವರ್ಷಗಟ್ಟಲೆ ಮಿತಿಮೀರಿ ನೀರು ಹಾಯಿಸಿದರೆ, ಬಸಿದುಹೋಗಲು ದಾರಿ ಇಲ್ಲದೆ ಅಂತರ್ಜಲ ಮೇಲೇರಿ ಉಪ್ಪು ಬೇರಿನ ಮಟ್ಟಕ್ಕೆ ಬರುತ್ತದೆ, ಹೊಲ ಸವಳು ಜವಳಾಗುತ್ತದೆ. ಘಟಪ್ರಭಾ ಮತ್ತು ಮಲಪ್ರಭಾ ಅಚ್ಚುಕಟ್ಟಿನ ಅನೇಕ ಹಳ್ಳಿಗಳು ಇದನ್ನು ನೋಡಿವೆ. ಆದರೆ ಬಾಲಿಯ ಕೀಟ ಒಂದೇ ಹಂಗಾಮಿನಲ್ಲಿ ಪಾಠ ಕಲಿಸುತ್ತದೆ. ನಮ್ಮ ಸವಳು ಹಲವು ವರ್ಷಗಳ ನಂತರ, ಅದೂ ಅನೇಕ ಸಲ, ನೀರು ಹಾಯಿಸಿದವನ ಹೊಲದಲ್ಲಿ ಅಲ್ಲ, ಅವನಿಗಿಂತ ತಗ್ಗಿನಲ್ಲಿರುವವನ ಹೊಲದಲ್ಲಿ, ಕಾಣಿಸಿಕೊಳ್ಳುತ್ತದೆ. ಜೊತೆಗೆ ಕಬ್ಬು ಒಮ್ಮೆ ಹಚ್ಚಿದರೆ ಕೂಳೆ ಬೆಳೆಯಾಗಿ ಮತ್ತೆ ಮತ್ತೆ ಬರುವುದರಿಂದ, ತೀರ್ಮಾನ ಬದಲಿಸುವ ಅವಕಾಶ ಪ್ರತಿ ವರ್ಷ ಸಿಗುವುದಿಲ್ಲ. ನೆರೆಯವನನ್ನು ನೋಡಿ ಕಲಿಯುವ ಅದೇ ನಿಯಮ ಅಲ್ಲಿ ಸಹಕಾರವನ್ನು ಬೆಳೆಸಿತು, ಇಲ್ಲಿ ಕಬ್ಬನ್ನಷ್ಟೇ ಬೆಳೆಸುತ್ತದೆಯೇ? ಇದನ್ನು ಪರೀಕ್ಷಿಸಲು ಪ್ರತಿ ಹೊಲಕ್ಕೂ ಬೆಳೆಯ ಜೊತೆಗೆ ಅಂತರ್ಜಲದ ಮಟ್ಟವನ್ನೂ ಒಂದು ಸ್ಥಿತಿಯಾಗಿ ಇಡಿ.

ಬಹು ಏಜೆಂಟ್ ವ್ಯವಸ್ಥೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಾದರಿಯಲ್ಲಿ ಏಜೆಂಟ್ ಯಾರನ್ನೋ ಪ್ರತಿನಿಧಿಸುತ್ತದೆ. ವ್ಯವಸ್ಥೆಯಲ್ಲಿ ಏಜೆಂಟ್ ತಾನೇ ಕೆಲಸ ಮಾಡುತ್ತದೆ. ನಾಳೆ ಪ್ರತಿ ಗೇಟಿಗೂ ಒಂದು ಸಂವೇದಕ ಮತ್ತು ಒಂದು ಪ್ರೋಗ್ರಾಂ ಅಳವಡಿಸಿ, ಅವು ತಮ್ಮತಮ್ಮಲ್ಲೇ ಮಾತನಾಡಿ ನೀರನ್ನು ಹಂಚಿಕೊಳ್ಳುವಂತೆ ಮಾಡಿದರೆ ಅದು ಬಹು ಏಜೆಂಟ್ ವ್ಯವಸ್ಥೆ. ಅದಕ್ಕೆ ಮಾತುಕತೆಯ ಕಟ್ಟುಪಾಡು ಬೇಕು. ರೀಡ್ ಸ್ಮಿತ್ 1980ರಲ್ಲಿ ವಿವರಿಸಿದ ಕಾಂಟ್ರಾಕ್ಟ್ ನೆಟ್ ಪದ್ಧತಿಯಲ್ಲಿ ಒಬ್ಬ ಕೆಲಸವನ್ನು ಸಾರುತ್ತಾನೆ, ಉಳಿದವರು ಬಿಡ್ ಸಲ್ಲಿಸುತ್ತಾರೆ, ಯೋಗ್ಯನಿಗೆ ಕೆಲಸ ಒಪ್ಪಿಸಲಾಗುತ್ತದೆ. ವ್ಯವಸ್ಥೆಯನ್ನು ಕೆಲಸ ಆಯಿತೇ ಎಂದು ಅಳೆಯುತ್ತೇವೆ, ಮಾದರಿಯನ್ನು ಅರಿವು ಹೆಚ್ಚಿತೇ ಎಂದು. ಈಗ ಮನುಷ್ಯರಂತೆ ಬರೆದು ಉತ್ತರಿಸುವ ಭಾಷಾ ಮಾದರಿಗಳನ್ನೇ ರೈತನ ಪಾತ್ರದಲ್ಲಿ ಕೂರಿಸುವ ಪ್ರಯತ್ನಗಳೂ ಇವೆ. ನಿಮ್ಮ ಕೆಲಸಕ್ಕೆ ಅದು ಬೇಡವೆನ್ನುತ್ತೇನೆ, ಏಕೆಂದರೆ ಅಲ್ಲಿ ನಿಯಮ ಯಾವುದೆಂದು ತೆರೆದು ತೋರಿಸಲಾಗದು, ತೋರಿಸಲಾಗದ ನಿಯಮವನ್ನು ರೈತರ ಮುಂದಿಟ್ಟು ಸರಿಯೇ ಎಂದು ಕೇಳಲೂ ಆಗದು.

ಉಪಕರಣದ ಬಗ್ಗೆ ಚಿಂತೆ ಬೇಡ. ಯೂರಿ ವಿಲೆನ್ಸ್ಕಿ 1999ರಲ್ಲಿ ಹೊರತಂದ ನೆಟ್‌ಲೋಗೊ ಎಂಬ ಮಾದರಿ ಕಟ್ಟುವ ತಂತ್ರಾಂಶ ಉಚಿತವಾಗಿದೆ, ಬೇಗ ಕಲಿಯಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಅಂಥದ್ದೇ ಮೇಸಾ ಇದೆ. ಒಂದು ನೇರ ಕಾಲುವೆ, ಇಪ್ಪತ್ತು ರೈತರು, ಎರಡು ಬೆಳೆ ಇಟ್ಟುಕೊಂಡು ಆರಂಭಿಸಿ. ಏಜೆಂಟ್‌ಗಳು ಯಾವ ಕ್ರಮದಲ್ಲಿ ಚಲಿಸುತ್ತವೆ ಎಂಬುದನ್ನು ನೀವೇ ನಿರ್ಧರಿಸಬೇಕು. ಇಂಥ ತಂತ್ರಾಂಶಗಳಲ್ಲಿ ಯಾದೃಚ್ಛಿಕ, ಅಂದರೆ ಚೀಟಿ ಎತ್ತಿದಂಥ, ಕ್ರಮವೇ ವಾಡಿಕೆ, ಆದರೆ ಕಾಲುವೆಯಲ್ಲಿ ನೀರು ಪಡೆಯುವ ಕ್ರಮ ಯಾದೃಚ್ಛಿಕವಲ್ಲ. ಬೆಳೆಯ ತೀರ್ಮಾನ ಯಾವ ಕ್ರಮದಲ್ಲಾದರೂ ನಡೆಯಲಿ, ನೀರು ಮಾತ್ರ ಮೇಲಿನಿಂದ ಕೆಳಕ್ಕೇ ಹೋಗಲಿ. ಒಂದೇ ಓಟದ ಫಲವನ್ನು ನಂಬದೆ, ಯಾದೃಚ್ಛಿಕ ಸಂಖ್ಯೆಗಳ ಸಾಲು ಎಲ್ಲಿಂದ ಆರಂಭವಾಗಬೇಕೆಂದು ಹೇಳುವ ಬೀಜವನ್ನು (ಸೀಡ್) ಬದಲಿಸಿ ನೂರಾರು ಸಲ ಓಡಿಸಿ, ಫಲಗಳ ಹರವನ್ನು ವರದಿಯಲ್ಲಿ ತೋರಿಸಿ. ಮಾದರಿಯ ವಿವರಣೆಗೆ ವೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ರೂಪಿಸಿದ ಓಡಿಡಿ (ಸ್ಥೂಲನೋಟ, ವಿನ್ಯಾಸದ ಪರಿಕಲ್ಪನೆಗಳು, ವಿವರಗಳು) ಕ್ರಮವನ್ನು ಅನುಸರಿಸಿದರೆ ಇನ್ನೊಬ್ಬರು ಅದನ್ನು ಮತ್ತೆ ಕಟ್ಟಬಲ್ಲರು.

ನಿಯಮಗಳನ್ನು ಸಂಗ್ರಹಿಸುವಾಗ ‘ನೀವು ಬೆಳೆಯನ್ನು ಹೇಗೆ ಆಯ್ಕೆ ಮಾಡುತ್ತೀರಿ’ ಎಂದು ಕೇಳಬೇಡಿ; ಅದಕ್ಕೆ ಯಾರಿಗೂ ಸರಿಯಾದ ಉತ್ತರ ಹೊಳೆಯದು. ‘ಹೋದ ವರ್ಷ ಈ ಹೊಲದಲ್ಲಿ ಏನಿತ್ತು, ಅದನ್ನೇ ಏಕೆ ಹಾಕಿದಿರಿ, ಪಕ್ಕದ ಹೊಲದಲ್ಲಿ ಏನಿತ್ತು’ ಎಂದು ಕೇಳಿ. ಹಿರಿಯರನ್ನು, ಹೆಣ್ಣುಮಕ್ಕಳನ್ನು, ನೀರು ಬಳಕೆದಾರರ ಸಹಕಾರ ಸಂಘದವರನ್ನು, ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುತ್ತ, ಮಾತನಾಡಿಸಿ. ನಂತರ ಮಾದರಿಯನ್ನು ಒಂದಕ್ಕಿಂತ ಹೆಚ್ಚು ಗುರುತುಗಳಿಂದ ಒರೆಹಚ್ಚಿ: ಮೊದಲಿನಿಂದ ತುದಿಗೆ ಕಬ್ಬಿನ ಪಾಲು ಇಳಿಯುವ ರೀತಿ, ಕೊಳವೆಬಾವಿಗಳಿರುವ ಜಾಗ, ಸವಳು ಹೊಲಗಳಿರುವ ಜಾಗ, ಈ ಮೂರೂ ಕೂಡಿ ಹೊಂದಬೇಕು. ಕಬ್ಬಿನ ಹರವನ್ನು ತಿಳಿಯಲು ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಬೇಸಿಗೆಯ ಚಿತ್ರದಲ್ಲಿ ಹಸಿರಾಗಿ ಉಳಿಯುವ ಹೊಲಗಳಲ್ಲಿ ಬಹುಪಾಲು ಕಬ್ಬೇ ಇರುತ್ತದೆ, ಉಳಿದದ್ದನ್ನು ನಡೆದು ನೋಡಿ ಖಚಿತಪಡಿಸಿಕೊಳ್ಳಬಹುದು.

ಮುಂದಿನ ವರ್ಷ ಇಂಥ ಹೊಲಕ್ಕೆ ಇಷ್ಟು ನೀರು ಸಿಗುತ್ತದೆ ಎಂದು ಈ ಮಾದರಿಯಿಂದ ಭವಿಷ್ಯ ಹೇಳಲು ಹೋಗಬೇಡಿ. ‘ಈ ನಿಯಮಗಳಿದ್ದಾಗ, ತುದಿಯಿಂದ ಮೊದಲಿಗೆ ಸರದಿ ಕೊಟ್ಟರೆ, ಮೊದಲಿನಿಂದ ಕೊಟ್ಟದ್ದಕ್ಕಿಂತ ಫಲ ಹೀಗೆ ಬೇರೆಯಾಗುತ್ತದೆ’ ಎಂದು ಹೋಲಿಸಿ ಹೇಳಬಹುದು. ಒಂದು ಪ್ರಾಜೆಕ್ಟಿಗೆ ಆ ಒಂದು ಹೋಲಿಕೆ ಸಾಕು. ಸಮಯ ಕಡಿಮೆಯಿದ್ದರೆ ಮಾರುಕಟ್ಟೆಯ ದರ, ಸಾಲ, ಕಾರ್ಖಾನೆಯ ಕಟಾವಿನ ಸರದಿ ಇವನ್ನೆಲ್ಲ ಮೊದಲ ಆವೃತ್ತಿಯಲ್ಲಿ ಬಿಟ್ಟುಬಿಡಿ. ಅಂತರ್ಜಲದ ಮಟ್ಟವನ್ನು ಮಾತ್ರ ಬಿಡಬೇಡಿ. ಅದಿಲ್ಲದೆ ಮೇಲಿನ ರೈತನಿಗೆ ಗೇಟು ಮುಚ್ಚಲು ಮಾದರಿಯೊಳಗೆ ಯಾವ ಕಾರಣವೂ ಉಳಿಯುವುದಿಲ್ಲ.