ರಾಯಚೂರಿನ ಬಿಸಿಲಲ್ಲಿ ಬೆಳೆದವನಿಗೆ ಸ್ಕೀ ಟೂರಿಂಗ್ ಚಳಿ ತಡೆಯೋಕೆ ಆಗುತ್ತಾ? ಅಲ್ಲಿ ಒಂದು ದಿನ ಹೇಗಿರುತ್ತದೆ?

ಧಾರಾಳವಾಗಿ ಆಗುತ್ತದೆ. ನಾನು ಗಂಗಾವತಿಯವನು, ನಮ್ಮೂರ ಬಿಸಿಲೇನೂ ಕಮ್ಮಿ ಇಲ್ಲ. ಆದರೆ ನೀವು ಹೆದರಬೇಕಾದ್ದು ಚಳಿಗಲ್ಲ, ಬೆವರಿಗೆ.

ಸ್ಕೀ ಟೂರಿಂಗ್ ಅಂದರೆ ಕಾಲಿಗೆ ಸ್ಕೀ ಅನ್ನುವ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿ, ಆಮೇಲೆ ಜಾರಿ ಇಳಿಯುವುದು. ಮೇಲಕ್ಕೆ ಒಯ್ಯುವ ಲಿಫ್ಟ್ ಇದರಲ್ಲಿ ಇಲ್ಲ. ದಿನದ ಮುಕ್ಕಾಲು ಪಾಲು ಬೆಟ್ಟ ಹತ್ತುವುದೇ. ನಾನು ಹೋಗಿದ್ದು ಉತ್ತರಾಖಂಡದ ಔಲಿಯಿಂದ ಗೋರ್ಸನ್ ಬುಗ್ಯಾಲ್ ಕಡೆಗೆ. ಬೇಸಿಗೆಯಲ್ಲಿ ಅದು ಹುಲ್ಲುಗಾವಲು, ಚಳಿಗಾಲದಲ್ಲಿ ಬರೀ ಹಿಮ. ಮೋಡ ಇಲ್ಲದಿದ್ದರೆ 7,816 ಮೀಟರ್ ಎತ್ತರದ ನಂದಾದೇವಿ ಕಾಣುತ್ತದೆ.

ಹತ್ತುವಾಗ ಸ್ಕೀ ಅಡಿಗೆ ಸ್ಕಿನ್ ಅನ್ನುವ ಉದ್ದನೆ ಪಟ್ಟಿ ಅಂಟಿಸುತ್ತಾರೆ. ಒಂದು ಮೈಗೆ ಅಂಟು, ಇನ್ನೊಂದು ಮೈಗೆ ಗಿಡ್ಡ ಕೂದಲು. ಎತ್ತಿನ ಮೈ ಸವರಿದ ಹಾಗೆ: ಕೂದಲಿನ ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಒರಟು. ಹಾಗಾಗಿ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಬೂಟಿನ ತುದಿ ಮಾತ್ರ ಸಿಕ್ಕಿಸಿರುತ್ತದೆ, ಹಿಮ್ಮಡಿ ಎತ್ತಬಹುದು. ಸ್ಕೀಯನ್ನೇ ಎತ್ತಿ ಎತ್ತಿ ಇಡಬೇಡಿ, ಸುಮ್ನೆ ಸುಸ್ತು. ಜಾರಿಸಿಕೊಂಡು ಹೋಗಿ.

ಸ್ವಲ್ಪ ಹೊತ್ತಿಗೇ ಬೆನ್ನು ಒದ್ದೆಯಾಗುತ್ತದೆ. ನಿಂತರೆ ಅದೇ ಬೆವರು ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಅದಕ್ಕೇ ಹೊರಡುವಾಗ ಕೊಂಚ ಚಳಿ ಅನ್ನಿಸುವಷ್ಟೇ ಬಟ್ಟೆ ಇರಲಿ. ದಪ್ಪ ಜಾಕೆಟ್ ಬ್ಯಾಗಿನಲ್ಲಿ, ನಿಂತಾಗ ಮೈಮೇಲೆ. ಕಾಟನ್ ಬನಿಯನ್ ಬೇಡವೇ ಬೇಡ, ಬೇಗ ಒಣಗುವುದಿಲ್ಲ. ತಿನ್ನೋಕೆ ಶೇಂಗಾ ಹೋಳಿಗೆ ಒಯ್ಯಿರಿ. ದುಬಾರಿ ಎನರ್ಜಿ ಬಾರ್‌ಗಿಂತ ನನಗೆ ಅದೇ ವಾಸಿ.

ಮೇಲೆ ಮುಟ್ಟಿದ ಮೇಲೆ ಸ್ಕಿನ್ ಕಿತ್ತು, ಅಂಟಿಗೆ ಅಂಟು ಕೂಡಿಸಿ ಮಡಚಿ, ಜಾಕೆಟ್ ಒಳಗೆ ಇಟ್ಟುಕೊಳ್ಳಬೇಕು. ಚಳಿಗೆ ಅಂಟು ಹಿಡಿಯುವುದಿಲ್ಲ. ಹಿಮ್ಮಡಿ ಲಾಕ್ ಮಾಡಿ, ಬೂಟು ಬಿಗಿ ಮಾಡಿ ಇಳಿಯುವುದು. ಗಂಟೆಗಟ್ಟಲೆ ಹತ್ತಿದ್ದು ನಿಮಿಷಗಳಲ್ಲಿ ಮುಗಿಯುತ್ತದೆ. ಹೊಟ್ಟೆ ಉರಿಯುತ್ತದೆ, ಆದರೂ ಮಜಾ.

ಹಿಮಕುಸಿತದ (ಅವಲಾಂಚ್) ವಿಷಯ ಮಾತ್ರ ತಮಾಷೆಯಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಅದು ಜಾಸ್ತಿ. ಪ್ರತಿಯೊಬ್ಬರ ಹತ್ತಿರವೂ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಸಿಗ್ನಲ್‌ನಿಂದ ಪತ್ತೆ ಹಚ್ಚುವ ಯಂತ್ರ), ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಇರಲೇಬೇಕು. ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆ ದಾಟಿದರೆ ಸರ್ರನೆ ಇಳಿಯುತ್ತದೆ. ಹೊರಗಿನಿಂದ ಯಾರೋ ಬಂದು ತೆಗೆಯುವಷ್ಟು ಹೊತ್ತು ಇರುವುದಿಲ್ಲ, ಜೊತೆಯವರೇ ಅಗೆಯಬೇಕು. ಗೈಡ್ ಬೇಡ ಅಂದ ಇಳಿಜಾರಿಗೆ ಕಾಲಿಡಬೇಡಿ.

ಇನ್ನು ಸ್ಕೀ ಮಾಡೋಕೇ ಬರದಿದ್ದರೆ ಮೊದಲು ಕಲಿಯಿರಿ. ಗುಲ್ಮಾರ್ಗ್ ಮತ್ತು ಮನಾಲಿಯಲ್ಲಿ ಸರ್ಕಾರಿ ಸಂಸ್ಥೆಗಳ ಕೋರ್ಸ್ ಇವೆ. ಕಾಲಿಗೆ ತಯಾರಿ ಬೇಕಂದರೆ ನಮ್ಮ ಅಂಜನಾದ್ರಿಗೆ ಬನ್ನಿ. ಬಿಸಿಲು ಏರೋ ಮುಂಚೆ, ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡು 575 ಮೆಟ್ಟಿಲು ಹತ್ತಿ. ಇಳಿಯುವಾಗಲೂ ಆ ಭಾರ ಇರಲಿ, ಸ್ಕೀ ಇಳಿಯುವಾಗ ತೊಡೆಗೇ ಪೆಟ್ಟು ಬೀಳುವುದು.

ಜನವರಿ ಕೊನೆ, ಫೆಬ್ರವರಿ ಒಳ್ಳೆಯ ಕಾಲ. ದೆಹಲಿವರೆಗೆ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಲ್ಲೇ ಹತ್ತಬಹುದಲ್ವಾ. ಸಾದಾ ಸ್ಕೀ ಬಾಡಿಗೆಗೆ ಸಿಗುತ್ತದೆ, ಟೂರಿಂಗ್ ಸೆಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಮೊದಲೇ ಫೋನ್ ಮಾಡಿ, ಬೂಟಿನ ಸೈಜ್ ಹೇಳಿ ತೆಗೆದಿಡಿಸಿ.